ಯಾವ ಶಾಲೆ ಒಳ್ಳೆಯದು? ಎಂಟನೇ ತರಗತಿಯಲ್ಲಿ ತೂಕದ ಸರಾಸರಿಯ ಒಂದು ಪಾಠ

ಪಾಠ ಹುಟ್ಟಿದ ಸಂದರ್ಭ

ಬೋಧನಾಭ್ಯಾಸದ ಅವಧಿಯಲ್ಲಿ ನಾನು ಉಡುಪಿ ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ ಕಲಿಸುತ್ತಿದ್ದೆ. ‘ದತ್ತಾಂಶಗಳ ನಿರ್ವಹಣೆ’ ಘಟಕ ನಡೆಯುತ್ತಿತ್ತು. ಒಂದು ದಿನ ಅವಧಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಮೇಜಿನ ಹತ್ತಿರ ಬಂದು ನಿಂತಳು. “ದಸರಾ ರಜೆ ಮುಗಿದ ಮೇಲೆ ನಾನು ಬರುವುದಿಲ್ಲ ಸರ್. ಅಪ್ಪ ದುಬೈಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಇಂಗ್ಲಿಷ್ ಬರದವರನ್ನು ಒಂದು ಕ್ಲಾಸು ಹಿಂದಕ್ಕೆ ಹಾಕುತ್ತಾರಂತೆ, ಹೌದಾ?” ಎಂದು ಕೇಳಿದಳು.

ನನಗೆ ಉತ್ತರ ಗೊತ್ತಿರಲಿಲ್ಲ. “ವಿಚಾರಿಸಿ ಹೇಳುತ್ತೇನೆ” ಎಂದೆ. ಮರುದಿನ ಅವಳ ತಾಯಿ ಶಾಲೆಗೆ ಬಂದಾಗ ಮೊಬೈಲಿನಲ್ಲಿ ಮೂರು ಶಾಲೆಗಳ ಚಿತ್ರಗಳನ್ನು ತೋರಿಸಿದರು. ಮೂರರ ಹೆಸರಿನಲ್ಲೂ ‘ಇಂಟರ್‌ನ್ಯಾಷನಲ್’ ಎಂಬ ಪದವಿತ್ತು. ಒಂದರಲ್ಲಿ ಈಜುಕೊಳ, ಒಂದರಲ್ಲಿ ರೋಬೋಟ್ ಹಿಡಿದ ಮಕ್ಕಳು. “ಇದರಲ್ಲಿ ಯಾವುದು ಒಳ್ಳೆಯದು ಎಂದು ನೀವೇ ಹೇಳಿ, ನೀವು ಓದಿದವರಲ್ಲವೇ” ಎಂದರು.

ನಮ್ಮ ಕರಾವಳಿಗೆ ಗಲ್ಫ್ ದೂರದ ಊರಲ್ಲ. ಈ ಪ್ರಶ್ನೆ ನಮ್ಮಲ್ಲಿ ಅನೇಕರಿಗೆ ಮುಂದೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದದ್ದೇ ಎರಡು ಅವಧಿಗಳ ಪಾಠವಾಯಿತು. ತಾಯಿ ಮತ್ತು ಮಗಳ ಒಪ್ಪಿಗೆ ಪಡೆದೇ ಈ ವಿಷಯವನ್ನು ತರಗತಿಗೆ ಒಯ್ದೆ. ಹೆಸರು ಹೇಳಬಾರದು ಎಂಬುದು ಅವಳ ಷರತ್ತಾಗಿತ್ತು.

ವಿಷಯ ಸಿದ್ಧತೆ

ಪಾಠಕ್ಕೆ ಮೊದಲು ನಾನು ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಬರೆಯುತ್ತೇನೆ. ಪೋಷಕರಿಗೆ ಸಲಹೆ ನೀಡುವಾಗ ಇವು ಉಪಯೋಗಕ್ಕೆ ಬರಬಹುದು.

1. ‘ಅಂತರರಾಷ್ಟ್ರೀಯ ಶಾಲೆ’ ಎಂಬ ಹೆಸರು ಒಂದು ನಿರ್ದಿಷ್ಟ ಪಠ್ಯಕ್ರಮವನ್ನು ಸೂಚಿಸುವುದಿಲ್ಲ. ನಮ್ಮ ತಾಲೂಕು ಕೇಂದ್ರಗಳಲ್ಲೂ ಆ ಫಲಕ ಕಾಣುತ್ತದೆ. ಆದ್ದರಿಂದ ಹೆಸರಿಗಿಂತ ಮೊದಲು ಕೇಳಬೇಕಾದದ್ದು, “ಯಾವ ಪಠ್ಯಕ್ರಮ? ಕೊನೆಯಲ್ಲಿ ಯಾವ ಪರೀಕ್ಷೆ?” ಎಂದು. ದುಬೈಯಲ್ಲಿ ಬ್ರಿಟಿಷ್ ಮತ್ತು ಭಾರತೀಯ ಪಠ್ಯಕ್ರಮದ ಖಾಸಗಿ ಶಾಲೆಗಳಲ್ಲಿ ಹೆಚ್ಚು ಮಕ್ಕಳು ಓದುತ್ತಾರೆ. ಅಮೆರಿಕನ್ ಮತ್ತು ಐಬಿ ಶಾಲೆಗಳೂ ಇವೆ. ಐಬಿ ಎಂದರೆ 1968ರಲ್ಲಿ ಜಿನೀವಾದಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಸಂಸ್ಥೆ. ಅದರ ಡಿಪ್ಲೊಮಾ 16ರಿಂದ 19 ವರ್ಷದವರಿಗಾಗಿ ಇರುವ ಎರಡು ವರ್ಷದ ಕೋರ್ಸು. ಗರಿಷ್ಠ ಅಂಕ 45. ಬ್ರಿಟಿಷ್ ಶಾಲೆಗಳಲ್ಲಿ ಮಕ್ಕಳು ಸುಮಾರು 16ನೇ ವಯಸ್ಸಿಗೆ ಜಿಸಿಎಸ್‌ಇ ಅಥವಾ ಐಜಿಸಿಎಸ್‌ಇ, ಅನಂತರ ಎ ಲೆವೆಲ್ ಬರೆಯುತ್ತಾರೆ.

2. ದುಬೈಯ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಸರಕಾರಿ ಪ್ರಾಧಿಕಾರ ಕೆಎಚ್‌ಡಿಎ. ಇದು 2006ರಲ್ಲಿ ಸ್ಥಾಪನೆಯಾಯಿತು. ಅದು ಪ್ರಕಟಿಸಿರುವ ತಪಾಸಣಾ ವರದಿಗಳನ್ನು ಯಾರು ಬೇಕಾದರೂ ಓದಬಹುದು. ದರ್ಜೆಗಳು ‘ಅತ್ಯುತ್ತಮ’ದಿಂದ ‘ಅತಿ ದುರ್ಬಲ’ದವರೆಗೆ ಆರು. ವರದಿಯಲ್ಲಿ ಒಟ್ಟು ದರ್ಜೆಯಷ್ಟೇ ಅಲ್ಲ, ಯಾವ ಹಂತದಲ್ಲಿ ಯಾವ ವಿಷಯದ ಕಲಿಕೆ ಹೇಗಿದೆ ಎಂಬುದೂ ಇರುತ್ತದೆ. ನಮ್ಮ ಮಗುವಿನ ತರಗತಿ ಯಾವ ಹಂತಕ್ಕೆ ಸೇರುತ್ತದೋ ಆ ಸಾಲನ್ನು ಓದಬೇಕು. ಶಾಲಾ ಶುಲ್ಕವೂ ಈ ಪ್ರಾಧಿಕಾರದ ನಿಯಂತ್ರಣದಲ್ಲಿದೆ. ಇದು ದುಬೈಗೆ ಮಾತ್ರ. ಅಬುಧಾಬಿಗೆ ಅಡೆಕ್, ಶಾರ್ಜಾಕ್ಕೆ ಸ್ಪೀಯಾ ಎಂಬ ಬೇರೆ ಸಂಸ್ಥೆಗಳಿವೆ. ತಂದೆಯ ಕೆಲಸ ಒಂದು ಎಮಿರೇಟಿನಲ್ಲಿ, ಮನೆ ಇನ್ನೊಂದರಲ್ಲಿ ಇರುವುದು ಅಲ್ಲಿ ಸಾಮಾನ್ಯ. ಆದ್ದರಿಂದ ಮನೆ ಎಲ್ಲಿ ಎಂಬುದೂ ಮೊದಲೇ ಗೊತ್ತಾಗಬೇಕು.

3. ಅಲ್ಲಿನ ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ, ಬ್ರಿಟಿಷ್ ಮತ್ತು ಐಬಿ ಶಾಲೆಗಳ ವರ್ಷ ಆಗಸ್ಟ್ ಕೊನೆಯಲ್ಲಿ ಶುರುವಾಗುತ್ತದೆ. ಜುಲೈ, ಆಗಸ್ಟ್ ಬೇಸಗೆ ರಜೆ. ತರಗತಿಗಳ ಎಣಿಕೆಯೂ ಬೇರೆ. ನಮ್ಮ ಎಂಟನೇ ತರಗತಿಗೆ ಸಮನಾದದ್ದು ಬ್ರಿಟಿಷ್ ಶಾಲೆಯ ‘ಇಯರ್ 9’. ಅಂದರೆ ಸಂಖ್ಯೆ ಬದಲಾದ ಮಾತ್ರಕ್ಕೆ ಮಗು ಮುಂದೆ ಹೋಯಿತು ಅಥವಾ ಹಿಂದೆ ಬಿತ್ತು ಎಂದಲ್ಲ.

4. ಕೆಲವು ವರ್ಷಗಳು ಜೋಡಿಯಾಗಿವೆ: ಸಿಬಿಎಸ್‌ಇಯ 9 ಮತ್ತು 10, 11 ಮತ್ತು 12, ಐಜಿಸಿಎಸ್‌ಇಯ ಎರಡು ವರ್ಷ, ಐಬಿ ಡಿಪ್ಲೊಮಾದ ಎರಡು ವರ್ಷ. ಜೋಡಿಯ ನಡುವೆ ಶಾಲೆ ಬದಲಿಸುವುದು ಕಷ್ಟ. ಎಂಟನೇ ತರಗತಿ ಆ ಮಟ್ಟಿಗೆ ಒಳ್ಳೆಯ ಬಾಗಿಲು.

5. ಯುಎಇಯ ಖಾಸಗಿ ಶಾಲೆಗಳಲ್ಲಿ ಅರಬ್ಬೇತರ ಮಕ್ಕಳಿಗೂ 9ನೇ ತರಗತಿಯವರೆಗೆ ಅರಬ್ಬಿ ಭಾಷೆ ಕಡ್ಡಾಯ. ಹೊಸದಾಗಿ ಆರಂಭಿಸುವವರಿಗೆ ಪ್ರತ್ಯೇಕ ಗುಂಪು ಇದೆಯೇ ಎಂದು ಶಾಲೆಯನ್ನು ಕೇಳಬೇಕು.

6. ಹಿಂದಿರುಗುವ ಪ್ರಶ್ನೆ. ಕರ್ನಾಟಕದ ವೃತ್ತಿ ಶಿಕ್ಷಣ ಸೀಟುಗಳಿಗೆ ಅರ್ಹತೆಯ ಮುಖ್ಯ ನಿಯಮ, 1ನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು ಮತ್ತು ಹತ್ತನೇ ತರಗತಿಯನ್ನೋ ಹನ್ನೆರಡನ್ನೋ ಇಲ್ಲಿಂದ ತೇರ್ಗಡೆಯಾಗಿರಬೇಕು. ನಮ್ಮ ವಿದ್ಯಾರ್ಥಿನಿ 7 ವರ್ಷ ಪೂರೈಸಿದ್ದಾಳೆ. ಪಿಯುಸಿಗೆ ಊರಿಗೆ ಮರಳಿದರೆ ಆ ದಾರಿ ತೆರೆದಿರುತ್ತದೆ. ಆಯಾ ವರ್ಷದ ಕೈಪಿಡಿಯನ್ನು ನೋಡಿಕೊಳ್ಳಬೇಕು. ವ್ಯಾಸಂಗ ಪ್ರಮಾಣಪತ್ರವನ್ನು ಹೊರಡುವ ಮೊದಲೇ ಪಡೆದಿಟ್ಟುಕೊಳ್ಳಿ ಎಂದು ತಾಯಿಗೆ ಹೇಳಿದೆ. ವರ್ಗಾವಣೆ ಪತ್ರಕ್ಕೆ ಯಾವ ಯಾವ ಕಚೇರಿಯ ದೃಢೀಕರಣ ಬೇಕು ಎಂಬುದನ್ನೂ ಸೇರುವ ಶಾಲೆಯಿಂದ ಮೊದಲೇ ಬರೆಸಿ ತರಿಸಿಕೊಳ್ಳುವುದು ಒಳ್ಳೆಯದು.

ಇಷ್ಟು ತಿಳಿದ ಮೇಲೂ ತಾಯಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಾಹಿತಿ ಹೆಚ್ಚಾದಷ್ಟೂ ಒಂದೊಂದು ಶಾಲೆ ಒಂದೊಂದು ಕಾರಣಕ್ಕೆ ಒಳ್ಳೆಯದೆನಿಸುತ್ತಿತ್ತು. ಆಗ ಹೊಳೆದದ್ದು ತೂಕದ ಸರಾಸರಿ.

ಪಾಠ ಯೋಜನೆ

ತರಗತಿ: 8. ವಿಷಯ: ಗಣಿತ. ಅವಧಿ: 2 (ತಲಾ 40 ನಿಮಿಷ).

ಪೂರ್ವಜ್ಞಾನ: ಅಂಕಗಣಿತೀಯ ಸರಾಸರಿ, ದಶಮಾಂಶಗಳ ಮೂಲಕ್ರಿಯೆಗಳು.

ಕಲಿಕಾ ಉದ್ದೇಶಗಳು: ವಿದ್ಯಾರ್ಥಿಗಳು (ಅ) ಸಾಮಾನ್ಯ ಸರಾಸರಿಗೂ ತೂಕದ ಸರಾಸರಿಗೂ ಇರುವ ವ್ಯತ್ಯಾಸವನ್ನು ಹೇಳುವರು, (ಆ) ಕೊಟ್ಟ ತೂಕಗಳಿಗೆ ಸರಾಸರಿಯನ್ನು ಲೆಕ್ಕ ಹಾಕುವರು, (ಇ) ತೂಕ ಬದಲಾದರೆ ಕ್ರಮಾಂಕ ಏಕೆ ಬದಲಾಗುತ್ತದೆ ಎಂದು ವಿವರಿಸುವರು, (ಈ) ಸರಾಸರಿ ಮರೆಮಾಡುವ ಸಂಗತಿಯನ್ನು ಗುರುತಿಸುವರು.

ಸಾಮಗ್ರಿ: ಕೋಷ್ಟಕದ ಚಾರ್ಟು, ಪ್ರತಿ ಗುಂಪಿಗೆ 10 ಹುಣಸೆ ಬೀಜ.

ತೂಕದ ಸರಾಸರಿ ಎಂಟನೇ ತರಗತಿಯ ಪಠ್ಯದಲ್ಲಿ ಇಲ್ಲ. ಇದನ್ನು ಘಟಕದ ವಿಸ್ತರಣಾ ಚಟುವಟಿಕೆಯಾಗಿ ತೆಗೆದುಕೊಂಡೆ.

ಮೊದಲ ಅವಧಿ

“ಒಂದು ಕುಟುಂಬ ದುಬೈಗೆ ಹೋಗುತ್ತಿದೆ. ಎಂಟನೇ ತರಗತಿಯ ಮಗು. ಮೂರು ಶಾಲೆಗಳಲ್ಲಿ ಒಂದನ್ನು ಆರಿಸಬೇಕು” ಎಂದು ಪೀಠಿಕೆ ಹಾಕಿ ಚಾರ್ಟು ತೂಗುಹಾಕಿದೆ. ಶಾಲೆಗಳೂ ಅಂಕಗಳೂ ಪಾಠಕ್ಕಾಗಿ ನಾನೇ ರೂಪಿಸಿದವು. ‘ಅ’ ಭಾರತೀಯ ಪಠ್ಯಕ್ರಮದ ಶಾಲೆ, ‘ಬ’ ಬ್ರಿಟಿಷ್, ‘ಕ’ ಐಬಿ. ಪ್ರತಿ ಅಂಶಕ್ಕೆ 5ರಲ್ಲಿ ಅಂಕ. ಶುಲ್ಕ ಕಡಿಮೆ ಇದ್ದಷ್ಟೂ, ಬಸ್ಸಿನ ದಾರಿ ಚಿಕ್ಕದಿದ್ದಷ್ಟೂ ಅಂಕ ಹೆಚ್ಚು.

| ಅಂಶ | ಅ | ಬ | ಕ |
|---|---|---|---|
| ಪಠ್ಯದ ಮುಂದುವರಿಕೆ | 5 | 3 | 2 |
| ಶುಲ್ಕ | 4 | 2 | 1 |
| ಪ್ರಯಾಣ | 2 | 4 | 5 |
| ಪ್ರಯೋಗಾಲಯ, ಮೈದಾನ | 2 | 5 | 5 |
| ತಪಾಸಣಾ ದರ್ಜೆ | 3 | 5 | 5 |
| ಒಟ್ಟು | 16 | 19 | 18 |
| ಸರಾಸರಿ | 3.2 | 3.8 | 3.6 |

ಪಠ್ಯದ ಮುಂದುವರಿಕೆಯಲ್ಲಿ ‘ಅ’ಗೆ 5 ಏಕೆ ಎಂದು ಮಕ್ಕಳು ಕೇಳಿದರು. ನಮ್ಮ ಪ್ರೌಢಶಾಲೆಯ ಗಣಿತ, ವಿಜ್ಞಾನ ಪುಸ್ತಕಗಳು ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ಆಧರಿಸಿವೆ; ಸಿಬಿಎಸ್‌ಇ ಶಾಲೆಗಳಲ್ಲೂ ಎನ್‌ಸಿಇಆರ್‌ಟಿ ಪುಸ್ತಕಗಳೇ ನಡೆಯುತ್ತವೆ ಎಂದು ವಿವರಿಸಿದೆ. ಸರಾಸರಿ ತೆಗೆದಾಗ ‘ಬ’ ಮೊದಲು, ‘ಅ’ ಕೊನೆ. ತರಗತಿಗೆ ಆಶ್ಚರ್ಯವಾಗಲಿಲ್ಲ. “ಈಜುಕೊಳ ಇರುವ ಶಾಲೆಯೇ ಒಳ್ಳೆಯದು” ಎಂದು ಒಬ್ಬ ತೀರ್ಪು ಕೊಟ್ಟ.

“ಈ ಐದೂ ಅಂಶಗಳು ಆ ಮನೆಗೆ ಒಂದೇ ಸಮವೇ?” ಎಂದು ಕೇಳಿದೆ. “ಇಲ್ಲ, ಶುಲ್ಕ ಕಟ್ಟಲು ಆಗದಿದ್ದರೆ ಉಳಿದದ್ದೆಲ್ಲ ಸುಮ್ಮನೆ” ಎಂಬ ಉತ್ತರ ತಕ್ಷಣ ಬಂತು. ಇದೇ ಎಳೆ ಹಿಡಿದು ತೂಕದ ಕಲ್ಪನೆಯನ್ನು ಪರಿಚಯಿಸಿದೆ. ಒಟ್ಟು ತೂಕ 10. ಮುಂದುವರಿಕೆಗೆ 4, ಶುಲ್ಕಕ್ಕೆ 3, ಉಳಿದ ಮೂರಕ್ಕೆ ತಲಾ 1. ಅಂಕವನ್ನು ತೂಕದಿಂದ ಗುಣಿಸಿ, ಕೂಡಿಸಿ, 10ರಿಂದ ಭಾಗಿಸಬೇಕು.

ಅ: (5×4 + 4×3 + 2×1 + 2×1 + 3×1) ÷ 10 = 39 ÷ 10 = 3.9
ಬ: (3×4 + 2×3 + 4×1 + 5×1 + 5×1) ÷ 10 = 32 ÷ 10 = 3.2
ಕ: (2×4 + 1×3 + 5×1 + 5×1 + 5×1) ÷ 10 = 26 ÷ 10 = 2.6

ಕೊನೆಯಲ್ಲಿದ್ದ ‘ಅ’ ಮೊದಲಿಗೆ ಬಂತು. ಅಂಕಗಳು ಒಂದೂ ಬದಲಾಗಿಲ್ಲ, ತೂಕ ಮಾತ್ರ ಬದಲಾಗಿದೆ. ಮಕ್ಕಳು ಎರಡು ಸಲ ಲೆಕ್ಕ ಮಾಡಿ ನೋಡಿದರು. ಪಾಠ ಚೆನ್ನಾಗಿ ಆಯಿತೆಂದು ನಾನು ಸಂತೋಷದಿಂದ ವೀಕ್ಷಣಾ ಪುಸ್ತಕ ತೆರೆದೆ. ಮಾರ್ಗದರ್ಶಕರು ಎರಡೇ ವಾಕ್ಯ ಬರೆದಿದ್ದರು: “ತೂಕ ಕೊಟ್ಟವರು ಯಾರು? ಮಕ್ಕಳು ಗುಣಾಕಾರ ಮಾಡಿದರು, ತೀರ್ಮಾನ ಮಾಡಿದ್ದು ನೀವು.”

ಆ ದಿನ ಸ್ವಲ್ಪ ಬೇಸರವಾಯಿತು. ಆದರೆ ಮಾತು ನಿಜವಾಗಿತ್ತು. ‘ಅ’ ಶಾಲೆ ಬರಬೇಕೆಂದು ಮೊದಲೇ ನಿರ್ಧರಿಸಿ, ಅದು ಬರುವಂತೆ ತೂಕ ಇಟ್ಟಿದ್ದೆ. ಶಾಲೆಯ ಜಾಹೀರಾತು ಈಜುಕೊಳಕ್ಕೆ ತೂಕ ಕೊಟ್ಟು ಮಾಡುವುದನ್ನೇ ನಾನು ಮುಂದುವರಿಕೆಗೆ ತೂಕ ಕೊಟ್ಟು ಮಾಡಿದ್ದೆ.

ಎರಡನೇ ಅವಧಿ

ಈ ಸಲ ಚಾರ್ಟಿನ ತೂಕದ ಕಾಲಂ ಖಾಲಿ. ಪ್ರತಿ ಗುಂಪಿಗೆ 10 ಹುಣಸೆ ಬೀಜ ಕೊಟ್ಟೆ. “ಆ ಮಗುವಿನ ಜಾಗದಲ್ಲಿ ನಿಂತು ಹಂಚಿ. ಅಂಶ ಬಿಟ್ಟುಹೋಗಿದೆ ಎನಿಸಿದರೆ ಸೇರಿಸಿ” ಎಂದೆ.

ಸ್ವಲ್ಪ ಹೊತ್ತು ಗಲಾಟೆಯಾಯಿತು. ಆಮೇಲೆ ಹಿಂದಿನ ಸಾಲಿನಿಂದ ಆ ವಿದ್ಯಾರ್ಥಿನಿಯೇ ಎದ್ದಳು. “ಪಾಠ ಅರ್ಥವಾಗುತ್ತದೋ ಇಲ್ಲವೋ ಎಂಬ ಸಾಲು ಇಲ್ಲ ಸರ್. ಹೋಗುವುದು ನಾನೇ” ಎಂದಳು. ತರಗತಿ ಒಮ್ಮೆಗೇ ಮೌನವಾಯಿತು. ಕೆಲವರಿಗೆ ಆಗಲೇ ಗೊತ್ತಾದದ್ದು.

ನಾನು ಐದು ಅಂಶ ಬರೆದಿದ್ದೆ. ಅವೆಲ್ಲ ತಂದೆ ತಾಯಿ ಕೇಳುವ ಪ್ರಶ್ನೆಗಳು. ಇಂಗ್ಲಿಷ್ ತರಗತಿಯಲ್ಲಿ ಮೊದಲ ದಿನ ಕೂತ ಮಗುವಿನ ಪ್ರಶ್ನೆ ಅದರಲ್ಲಿ ಇರಲೇ ಇಲ್ಲ. ಆರನೇ ಸಾಲು ಬರೆದೆವು: ‘ಇಂಗ್ಲಿಷಿಗೆ ಹೊಂದಿಕೊಳ್ಳಲು ಶಾಲೆಯ ಸಹಾಯ’. ಬ್ರಿಟಿಷ್ ಮತ್ತು ಐಬಿ ಶಾಲೆಗಳಲ್ಲಿ ಇಂಗ್ಲಿಷ್ ಹೊಸದಾಗಿ ಕಲಿಯುವವರಿಗೆ ಪ್ರತ್ಯೇಕ ಶಿಕ್ಷಕರು ಇರುವುದುಂಟು. ನಮ್ಮ ಕಾಲ್ಪನಿಕ ‘ಅ’ ಶಾಲೆಯಲ್ಲಿ ಅಂಥವರಿಲ್ಲ ಎಂದಿಟ್ಟುಕೊಂಡು ‘ಅ’ಗೆ 1, ‘ಬ’ ಮತ್ತು ‘ಕ’ಗೆ ತಲಾ 4 ಕೊಟ್ಟೆವು.

ಬೀಜಗಳನ್ನು ಮತ್ತೆ ಹಂಚಿದರು. ಸಹಾಯಕ್ಕೆ 3, ಮುಂದುವರಿಕೆಗೆ 3, ಶುಲ್ಕಕ್ಕೆ 2, ಪ್ರಯಾಣಕ್ಕೆ 1. ಮೈದಾನದ ಬೀಜವನ್ನು ಬಿಡಲು ಹುಡುಗರು ಒಪ್ಪಲಿಲ್ಲ, ಅದಕ್ಕೆ 1. ತಪಾಸಣಾ ದರ್ಜೆಗೆ ಬೀಜ ಉಳಿಯಲಿಲ್ಲ.

ಅ: 15 + 8 + 2 + 2 + 0 + 3 = 30; ಸರಾಸರಿ 3.0
ಬ: 9 + 4 + 4 + 5 + 0 + 12 = 34; ಸರಾಸರಿ 3.4
ಕ: 6 + 2 + 5 + 5 + 0 + 12 = 30; ಸರಾಸರಿ 3.0

ಇಲ್ಲಿ ಎರಡು ಒಳ್ಳೆಯ ಚರ್ಚೆಗಳು ಹುಟ್ಟಿದವು.

ಮೊದಲನೆಯದು: ‘ಅ’ ಮತ್ತು ‘ಕ’ ಎರಡಕ್ಕೂ 3.0. ಹಾಗಾದರೆ ಎರಡೂ ಒಂದೇ ರೀತಿಯ ಶಾಲೆಗಳೇ? ಕೋಷ್ಟಕ ನೋಡಿದರೆ ಒಂದರಲ್ಲಿ ಪಾಠ ಪರಿಚಿತ, ಭಾಷೆಗೆ ಆಸರೆಯಿಲ್ಲ. ಇನ್ನೊಂದರಲ್ಲಿ ಭಾಷೆಗೆ ಆಸರೆಯಿದೆ, ಶುಲ್ಕ ಬಹಳ. ಸರಾಸರಿ ಒಂದೇ ಆದರೂ ಮಗು ಎದುರಿಸುವ ಕಷ್ಟ ಬೇರೆ. ನಾಲ್ಕನೆಯ ಉದ್ದೇಶವನ್ನು ನಾನು ಹೇಳಿಕೊಡಬೇಕಾಗಿ ಬರಲಿಲ್ಲ.

ಎರಡನೆಯದು: ‘ಬ’ ಮೊದಲು ಬಂದಿದೆ. ಸೇರಿಸಿಬಿಡಬಹುದೇ? ಈಗ ನಾನು ಶುಲ್ಕದ ಊಹಾ ಅಂಕಿ ಕೊಟ್ಟೆ. ವರ್ಷಕ್ಕೆ ಆ ಮನೆ ಖರ್ಚು ಮಾಡಬಲ್ಲದ್ದು 14,000 ದಿರ್ಹಂ. ‘ಅ’ ಶಾಲೆಗೆ ಶುಲ್ಕ 9,000, ಬಸ್ಸಿಗೆ 4,000, ಒಟ್ಟು 13,000. ‘ಬ’ ಶಾಲೆಗೆ ಶುಲ್ಕವೇ 30,000, ‘ಕ’ ಶಾಲೆಗೆ 55,000. “ಹಾಗಾದರೆ ಬ, ಕ ಎರಡೂ ಲೆಕ್ಕಕ್ಕೇ ಬರುವುದಿಲ್ಲ” ಎಂದರು ಮಕ್ಕಳು. ಕೆಲವು ಅಂಶಗಳು ತೂಗುವಂಥವು, ಕೆಲವು ಬಾಗಿಲಿನಂಥವು. ಬಾಗಿಲು ಮುಚ್ಚಿದ್ದರೆ ಒಳಗಿನ ಈಜುಕೊಳಕ್ಕೆ ಎಷ್ಟು ಅಂಕವಿದ್ದರೇನು? ಶುಲ್ಕದ ಮಿತಿ, ಆ ತರಗತಿಯಲ್ಲಿ ಸೀಟು, ವರ್ಗಾವಣೆಗೆ ಅವಕಾಶ ಇವು ಬಾಗಿಲುಗಳು. ಸರಾಸರಿ ತೆಗೆಯುವ ಮೊದಲೇ ಇವನ್ನು ನೋಡಬೇಕು.

ಉಳಿದದ್ದು ‘ಅ’. ಅದರ ಕೋಷ್ಟಕದಲ್ಲಿ ಒಂದು 1 ಇದೆ, ಅದೂ ಮಗು ಹೆಚ್ಚು ತೂಕ ಕೊಟ್ಟ ಸಾಲಿನಲ್ಲೇ. “ಆ ಒಂದನ್ನು ಮೂರು ಮಾಡಿದರೆ?” ಎಂದು ಒಬ್ಬಳು ಕೇಳಿದಳು. ಲೆಕ್ಕ ಮಾಡಿದರು: 3×3 = 9, ಒಟ್ಟು 36, ಸರಾಸರಿ 3.6. ‘ಬ’ಕ್ಕಿಂತ ಹೆಚ್ಚು! ಅಂಕವನ್ನು ಹೆಚ್ಚಿಸುವುದು ಹೇಗೆ ಎಂಬುದು ಗಣಿತದ ಪ್ರಶ್ನೆಯಾಗಿ ಉಳಿಯಲಿಲ್ಲ. ಅವಳು ಹೊರಡಲು ಮೂರು ವಾರ ಇತ್ತು.

ಪಾಠದ ನಂತರ

ಗಣಿತ, ವಿಜ್ಞಾನದ ಕನ್ನಡ ಪದಗಳಿಗೆ ಇಂಗ್ಲಿಷ್ ಪದ ಬರೆದ ಒಂದು ನೋಟ್‌ಬುಕ್ಕನ್ನು ತರಗತಿ ಸೇರಿ ತಯಾರಿಸಿತು. ವರ್ಗಮೂಲ ಎಂದರೆ ಸ್ಕ್ವೇರ್ ರೂಟ್, ಸಮಾಂತರ ಚತುರ್ಭುಜ ಎಂದರೆ ಪ್ಯಾರಲೆಲೋಗ್ರಾಮ್, ಘರ್ಷಣೆ ಎಂದರೆ ಫ್ರಿಕ್ಷನ್. ಪ್ರತಿ ಪದಕ್ಕೂ ಒಂದು ಚಿತ್ರ ಅಥವಾ ಒಂದು ಲೆಕ್ಕ. ನಾನು ಮುಖ್ಯ ಶಿಕ್ಷಕರ ಅನುಮತಿಯಿಂದ ಒಂದು ಪುಟದ ಕಲಿಕಾ ವರದಿ ಬರೆದೆ. ಅಂಕಪಟ್ಟಿಯಲ್ಲಿ ಕಾಣದ ಸಂಗತಿಯನ್ನು ಅದರಲ್ಲಿ ಹೇಳಿದೆ: ಈ ವಿದ್ಯಾರ್ಥಿನಿಗೆ ಪರಿಕಲ್ಪನೆ ಗೊತ್ತಿದೆ, ಗೊತ್ತಿಲ್ಲದಿರುವುದು ಅದರ ಇಂಗ್ಲಿಷ್ ಹೆಸರು ಮಾತ್ರ, ಪ್ರವೇಶ ಪರೀಕ್ಷೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕೆಂದು ವಿನಂತಿ.

ಅವಳ ಮೊದಲ ಪ್ರಶ್ನೆಗೂ ಉತ್ತರ ಕೊಟ್ಟೆ. “ಅಲ್ಲಿ ಪ್ರವೇಶ ಪರೀಕ್ಷೆ ಇರುತ್ತದೆ. ಯಾವ ತರಗತಿಗೆ ಹಾಕುತ್ತಾರೆ ಎಂದು ನಾನು ಮಾತು ಕೊಡಲಾರೆ. ಆದರೆ ಭಾಷೆ ಬೇರೆ, ಬುದ್ಧಿ ಬೇರೆ ಎಂದು ಕೇಳುವ ಹಕ್ಕು ನಿನಗೂ ನಿನ್ನ ಅಪ್ಪನಿಗೂ ಇದೆ” ಎಂದೆ. ತಾಯಿಗೆ, ಶಾಲೆಯವರನ್ನು ಕೇಳಬೇಕಾದ ಐದು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟೆ: ಎಂಟನೇ ತರಗತಿಯಲ್ಲಿ ವರ್ಷದ ನಡುವೆ ಸೀಟು ಇದೆಯೇ? ಬಸ್ಸು, ಪುಸ್ತಕ, ಸಮವಸ್ತ್ರ ಸೇರಿ ಒಟ್ಟು ಖರ್ಚೆಷ್ಟು? ಇಂಗ್ಲಿಷಿಗೆ ಯಾರು, ವಾರಕ್ಕೆ ಎಷ್ಟು ಅವಧಿ ಸಹಾಯ ಮಾಡುತ್ತಾರೆ? ಅರಬ್ಬಿಯನ್ನು ಮೊದಲಿನಿಂದ ಕಲಿಸುತ್ತೀರಾ? ಎರಡನೇ ಭಾಷೆಯಾಗಿ ಏನೇನಿದೆ? ಕನ್ನಡ ಇರುವ ಸಾಧ್ಯತೆ ಕಡಿಮೆ. ಆದರೆ ದುಬೈಯಲ್ಲಿ ಕನ್ನಡಿಗರೇ ವಾರಾಂತ್ಯದಲ್ಲಿ ನಡೆಸುವ ಕನ್ನಡ ತರಗತಿಗಳಿವೆ ಎಂದು ತಿಳಿಸಿದೆ.

ಮೌಲ್ಯಮಾಪನ

ಮನೆಗೆಲಸ: “ಪಿಯುಸಿಗೆ ಕಾಲೇಜು ಆರಿಸಲು ನಿಮ್ಮದೇ ಅಂಶಗಳು ಮತ್ತು ತೂಕಗಳ ಕೋಷ್ಟಕ ಮಾಡಿ. ಮನೆಯ ಹಿರಿಯರೊಬ್ಬರಿಂದಲೂ ತೂಕ ಕೇಳಿ ಬರೆಯಿರಿ.” ಹೆಚ್ಚಿನವರು ಲೆಕ್ಕ ಸರಿ ಮಾಡಿದ್ದರು. ತಪ್ಪಿದವರ ಸಾಮಾನ್ಯ ತಪ್ಪು, ತೂಕಗಳ ಮೊತ್ತದ ಬದಲು ಅಂಶಗಳ ಸಂಖ್ಯೆಯಿಂದ ಭಾಗಿಸಿದ್ದು. ಮುಂದೆ ಕಲಿಸುವವರು ಇದಕ್ಕೆ ಒಂದು ಉದಾಹರಣೆ ಹೆಚ್ಚು ಕೊಡಬೇಕು. ಗಮನಿಸಬೇಕಾದ ಇನ್ನೊಂದು ವಿಷಯ: ಒಬ್ಬ ವಿದ್ಯಾರ್ಥಿ ತನ್ನ ಮತ್ತು ತಂದೆಯ ತೂಕಗಳನ್ನು ಅಕ್ಕಪಕ್ಕ ಬರೆದು, “ಇಬ್ಬರ ಜಗಳ ಈ ಸಾಲಿನಲ್ಲಿ ಮಾತ್ರ” ಎಂದು ಗೆರೆ ಎಳೆದಿದ್ದ.

ಆತ್ಮಾವಲೋಕನ

ಈ ಪಾಠದಿಂದ ನಾನು ಕಲಿತದ್ದು ಮೂರು. ಒಂದು, ಮಕ್ಕಳ ಜೀವನದ ಪ್ರಶ್ನೆಯನ್ನು ಪಾಠಕ್ಕೆ ತಂದರೆ ಅದರ ತೀರ್ಮಾನವನ್ನು ಚಾರ್ಟಿನಲ್ಲಿ ಮೊದಲೇ ಬರೆದು ತರಬಾರದು. ಎರಡು, ‘ಯಾವ ಶಾಲೆ ಒಳ್ಳೆಯದು’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ಈ ಮಗುವಿಗೆ, ಈ ವರ್ಷ, ಮುಂದೆ ಎಲ್ಲಿಗೆ ಹೋಗಲು’ ಎಂದು ಸೇರಿಸಿದಾಗ ಮಾತ್ರ ಅದು ಉತ್ತರವಿರುವ ಪ್ರಶ್ನೆಯಾಗುತ್ತದೆ. ಆ ಮಗುವನ್ನು ಕೇಳದೆ ಕೋಷ್ಟಕ ಪೂರ್ಣವಾಗುವುದಿಲ್ಲ. ಮೂರು, ವರ್ಗಾವಣೆ ಪತ್ರಕ್ಕೆ ಸಹಿ ಹಾಕುವುದರೊಂದಿಗೆ ನಮ್ಮ ಕೆಲಸ ಮುಗಿಯುವುದಿಲ್ಲ. ಸೇರುವ ಶಾಲೆಯನ್ನು ನಾವು ಬದಲಿಸಲಾರೆವು. ಹೋಗುವ ಮಗುವಿನ ಒಂದು ಸಾಲಿನ ಅಂಕವನ್ನು ಸ್ವಲ್ಪ ಏರಿಸಬಲ್ಲೆವು.

ದಸರಾ ರಜೆಯ ನಂತರ ಅವಳ ಜಾಗ ಖಾಲಿಯಾಗಿತ್ತು. ನಾನು ಅಭ್ಯಾಸ ಮುಗಿಸಿ ಹೊರಡುವ ವಾರ ತಾಯಿಯಿಂದ ಸಂದೇಶ ಬಂತು. ಭಾರತೀಯ ಪಠ್ಯಕ್ರಮದ ಶಾಲೆಗೆ, ಎಂಟನೇ ತರಗತಿಗೇ ಸೇರಿಸಿಕೊಂಡಿದ್ದರು. ಗಣಿತದಲ್ಲಿ ತೊಂದರೆಯಿಲ್ಲ, ಸಮಾಜ ವಿಜ್ಞಾನ ಬಹಳ ಕಷ್ಟವಾಗುತ್ತಿದೆ ಎಂದು ಬರೆದಿದ್ದರು. ನಮ್ಮ ನೋಟ್‌ಬುಕ್ಕಿನಲ್ಲಿ ಸಮಾಜ ವಿಜ್ಞಾನದ ಪದಗಳು ಇರಲಿಲ್ಲ. ಅದನ್ನು ಈಗ ತರಗತಿಯ ಮಕ್ಕಳು ತಮ್ಮ ಸಮಾಜ ವಿಜ್ಞಾನ ಶಿಕ್ಷಕರ ಸಹಾಯದಿಂದ ಬರೆಯುತ್ತಿದ್ದಾರೆ. ಪುಟಗಳ ಚಿತ್ರ ತೆಗೆದು ತಾಯಿಯ ಮೊಬೈಲಿಗೆ ಕಳುಹಿಸುತ್ತಾರೆ.